ಕಾರ್ಖಾನೆ ಗೇಟಿನ ಮುಂದೆ ಧರಣಿ, ಮುಷ್ಕರ: ಬೆಳಗಾವಿ, ಬಾಗಲಕೋಟೆ, ವಿಜಯಪುರದವರು ಪದೇ ಪದೇ ಕೇಳುವ ಪ್ರಶ್ನೆಗಳು

ಉದ್ಯಮಬಾಗದ ಫೌಂಡ್ರಿಗಳು, ಘಟಪ್ರಭಾ-ಕೃಷ್ಣಾ ಸೀಮೆಯ ಸಕ್ಕರೆ ಕಾರ್ಖಾನೆಗಳು, ಬಾಗಲಕೋಟೆ ಕಡೆಯ ಸುಣ್ಣದಕಲ್ಲು ಗಣಿಗಳು, ಕೂಡಗಿಯ ವಿದ್ಯುತ್ ಸ್ಥಾವರ, ಇಲ್ಲೆಲ್ಲ ದುಡಿಯುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಅವರ ಮಾತಿನಲ್ಲೇ ಇಟ್ಟು ಉತ್ತರ ಬರೆದಿದ್ದೇವೆ. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ (ಐಪಿಸಿ ಬದಲಿಗೆ ಬಂದ ಅಪರಾಧ ಕಾನೂನು), 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಜಾರಿಗೆ ಬಂದಿವೆ. ಹಳೆಯ ಕಲಂ ಸಂಖ್ಯೆಗಳನ್ನೇ ಬಾಯಿಪಾಠ ಮಾಡಿಕೊಂಡವರು ಈಗ ಎಡವುತ್ತಿದ್ದಾರೆ.

## ಮೊದಲು ತಿಳಿದಿರಬೇಕಾದ್ದು

ಫ್ಯಾಕ್ಟರಿ ಗೇಟ್ ಮುಂದ ಧರಣಿ ಕುಂದ್ರೂದು ಅಪರಾಧ ಏನ್ರಿ?

ಅಲ್ಲ. ಆಯುಧವಿಲ್ಲದೆ ಶಾಂತಿಯಿಂದ ಸೇರುವುದು, ಮಾತಾಡುವುದು, ಸಂಘ ಕಟ್ಟುವುದು ಸಂವಿಧಾನದ 19ನೇ ವಿಧಿ ಕೊಟ್ಟ ಹಕ್ಕು. 1962ರ ಕಾಮೇಶ್ವರ ಪ್ರಸಾದ್ ಪ್ರಕರಣದಲ್ಲಿ ಸರ್ಕಾರಿ ನೌಕರರ ಎಲ್ಲ ಬಗೆಯ ಪ್ರದರ್ಶನವನ್ನೂ ನಿಷೇಧಿಸಿದ್ದ ಬಿಹಾರದ ನಿಯಮವನ್ನು ಸುಪ್ರೀಂ ಕೋರ್ಟ್ ಆ ಮಟ್ಟಿಗೆ ತಳ್ಳಿಹಾಕಿತು. ಆದರೆ ಅದೇ ತೀರ್ಪು ಮುಷ್ಕರ ಮೂಲಭೂತ ಹಕ್ಕಲ್ಲ ಎಂದೂ ಹೇಳಿತು. ಧರಣಿ ಸಂವಿಧಾನದ ಹಕ್ಕು, ಮುಷ್ಕರ ಕಾರ್ಮಿಕ ಕಾಯ್ದೆ ಕೊಟ್ಟ ಹಕ್ಕು. ಎರಡಕ್ಕೂ ನಿಯಮಗಳು ಬೇರೆ ಬೇರೆ. ನಿಮ್ಮ ಪಾಳಿ ಮುಗಿದ ಮೇಲೆ ಗೇಟಿನ ಹೊರಗೆ ಕೂತರೆ ಅದು ಧರಣಿಯೇ ಹೊರತು ಮುಷ್ಕರವಲ್ಲ, ಅದಕ್ಕೆ ಮುಷ್ಕರದ ನೋಟಿಸೂ ಬೇಡ.

ಮುಂದಿನ ಉತ್ತರಗಳಿಗೆಲ್ಲ ಬುನಾದಿ ಒಂದೇ: ಗೇಟಿನ ಮುಂದೆ ಕೂರುವುದು ಬೇರೆ, ಗೇಟಿಗೆ ಅಡ್ಡ ಕೂರುವುದು ಬೇರೆ. ಕೇಸು ಬೀಳುವುದು ಹೆಚ್ಚಾಗಿ ಎರಡನೆಯದಕ್ಕೆ.

ಗೇಟಿನಿಂದ ನೂರು ಮೀಟರ್ ದೂರ ಕುಂದ್ರಬೇಕು ಅಂತಾರ. ಹಂಗಂತ ಕಾಯ್ದೆದಾಗ ಐತೇನು?

ಇಲ್ಲ. ಕೆಲಸದ ಸ್ಥಳದಿಂದ ಇಷ್ಟು ಮೀಟರ್ ಒಳಗೆ ಪ್ರತಿಭಟನೆ ಮಾಡಬಾರದು ಎಂದು ಎಲ್ಲ ಕಾರ್ಖಾನೆಗಳಿಗೂ ಅನ್ವಯಿಸುವ ಸಾಮಾನ್ಯ ಕಾನೂನು ನಮ್ಮಲ್ಲಿಲ್ಲ. ಅಂತರದ ಅಂಕಿ ಬರುವುದು ಆದೇಶದಿಂದ. ಒಂದೋ ಕಾರ್ಖಾನೆಯವರು ಸಿವಿಲ್ ಕೋರ್ಟಿನಿಂದ ತಂದ ತಡೆಯಾಜ್ಞೆ, ಇಲ್ಲವೇ ದಂಡಾಧಿಕಾರಿ ಹೊರಡಿಸಿದ ನಿಷೇಧಾಜ್ಞೆ. ಸೆಕ್ಯುರಿಟಿಯವರೋ ಠಾಣೆಯವರೋ ‘ನೂರು ಮೀಟರ್ ಆಚೆ ಹೋಗ್ರಿ’ ಎಂದಾಗ ಕೇಳಬೇಕಾದ್ದು ಒಂದೇ: ‘ಆದೇಶದ ಪ್ರತಿ ತೋರಸ್ರಿ, ದಿನಾಂಕ ಮತ್ತು ನಂಬರ್ ಬರ್ಕೋತೀವಿ.’ ಪ್ರತಿ ತೋರಿಸಿದರೆ ಅಲ್ಲೇ ವಾದಕ್ಕೆ ನಿಲ್ಲಬೇಡಿ, ಹಿಂದೆ ಸರಿದು ವಕೀಲರಿಗೆ ಕಳುಹಿಸಿ. ಪ್ರತಿ ಇಲ್ಲ ಎಂದರೆ ಕೇಳಿದ ಹೊತ್ತು, ಹೇಳಿದವರ ಹುದ್ದೆ ಎರಡನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ.

ಬೆಂಗಳೂರಿನ್ಯಾಗ ಫ್ರೀಡಂ ಪಾರ್ಕ್ ಬಿಟ್ಟು ಎಲ್ಲೂ ಕುಂದ್ರಂಗಿಲ್ಲಂತ. ನಮಗೂ ಹಂಗ ಏನು?

ಅದು ಬೆಂಗಳೂರು ನಗರಕ್ಕೆಂದೇ 2021ರಲ್ಲಿ ಹೊರಡಿಸಿದ ಆದೇಶ, ಇಲ್ಲಿಗೆ ಅನ್ವಯಿಸುವುದಿಲ್ಲ. ಬೆಳಗಾವಿಯ ಚನ್ನಮ್ಮ ವೃತ್ತ, ವಿಜಯಪುರದ ಅಂಬೇಡ್ಕರ್ ವೃತ್ತ, ಬಾಗಲಕೋಟೆ ನವನಗರದ ಜಿಲ್ಲಾಡಳಿತ ಭವನದ ಎದುರು ಜನ ಸೇರುವುದು ರೂಢಿಯಿಂದ. ಚಳಿಗಾಲದ ಅಧಿವೇಶನದ ಹೊತ್ತಿನಲ್ಲಿ ಸುವರ್ಣ ವಿಧಾನಸೌಧದ ಸುತ್ತ ಪ್ರತ್ಯೇಕ ನಿಷೇಧಾಜ್ಞೆ ಇರುತ್ತದೆ, ಟೆಂಟಿಗೆ ಜಾಗ ಗೊತ್ತುಮಾಡಿರುತ್ತಾರೆ. ಆ ಆದೇಶದಲ್ಲಿ ನಿಮ್ಮ ಕಾರ್ಖಾನೆಯ ಪ್ರದೇಶ ಸೇರಿದೆಯೇ ಎಂಬುದನ್ನಷ್ಟೇ ನೋಡಿ.

ಪರವಾನಗಿ ಯಾರ ಕಡೆ ತಗೋಬೇಕು? ಅರ್ಜಿ ಒಳಗ ಏನೇನು ಬರೀಬೇಕು?

ಬೆಳಗಾವಿ ನಗರದಲ್ಲಿ ಪೊಲೀಸ್ ಕಮಿಷನರೇಟ್ ಇದೆ, ಅರ್ಜಿಯನ್ನು ಕಮಿಷನರ್ ಹೆಸರಿಗೆ ಬರೆದು ವ್ಯಾಪ್ತಿಯ ಠಾಣೆಯಲ್ಲಿ ಕೊಡಿ. ಉಳಿದ ಕಡೆ ವ್ಯಾಪ್ತಿಯ ಠಾಣೆಗೆ ಕೊಟ್ಟು, ತಹಶೀಲ್ದಾರರಿಗೆ ಒಂದು ಪ್ರತಿ ಮುಟ್ಟಿಸಿ. ಒಂದು ವಾರ ಮೊದಲೇ ಕೊಟ್ಟರೆ ನಿರಾಕರಣೆ ಬಂದರೂ ಮುಂದಿನ ದಾರಿ ನೋಡಲು ಸಮಯ ಸಿಗುತ್ತದೆ. ಹಿಂದಿನ ದಿನ ಸಂಜೆ ಕೊಟ್ಟ ಅರ್ಜಿಗೆ ‘ಬಂದೋಬಸ್ತಿಗೆ ಮಂದಿ ಇಲ್ಲ’ ಎಂಬ ಉತ್ತರ ಸುಲಭವಾಗಿ ಬರುತ್ತದೆ.

ಅರ್ಜಿಯಲ್ಲಿ ತಾರೀಖು, ಶುರುವಾಗುವ ಮತ್ತು ಮುಗಿಯುವ ಹೊತ್ತು, ರಸ್ತೆಯ ಯಾವ ಮಗ್ಗುಲು, ಗೇಟಿನ ಎಡಕ್ಕೋ ಬಲಕ್ಕೋ, ಅಂದಾಜು ಎಷ್ಟು ಜನ, ಪೆಂಡಾಲಿನ ಉದ್ದಗಲ, ಮೈಕು ಉಂಟೋ ಇಲ್ಲವೋ, ಗಾಡಿ ನಿಲ್ಲಿಸುವ ಜಾಗ, ಜವಾಬ್ದಾರರ ಹೆಸರು ಮತ್ತು ಮೊಬೈಲ್ ನಂಬರ್ ಇರಲಿ. ಕೈಬರಹದ ಒಂದು ನಕ್ಷೆ ಲಗತ್ತಿಸಿದರೆ ಅರ್ಧ ತಕರಾರು ಅಲ್ಲೇ ಮುಗಿಯುತ್ತದೆ. ಎರಡನೇ ಪ್ರತಿಯ ಮೇಲೆ ಸಹಿ, ಸೀಲು, ತಾರೀಖು ಹಾಕಿಸಿಕೊಳ್ಳದೆ ಠಾಣೆಯ ಮೆಟ್ಟಿಲು ಇಳಿಯಬೇಡಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅದೇ ದಿನ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿ ಇಟ್ಟುಕೊಳ್ಳಿ.

1973ರ ಹಿಮ್ಮತ್‌ಲಾಲ್ ಶಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇಷ್ಟು: ಸಾರ್ವಜನಿಕ ರಸ್ತೆಯಲ್ಲಿ ಸಭೆ ನಡೆಸಲು ಅನುಮತಿ ಬೇಕೆಂಬ ನಿಯಮ ಮಾಡಬಹುದು, ಆದರೆ ಅಧಿಕಾರಿಗೆ ಮನಸ್ಸಿಗೆ ಬಂದಂತೆ ನಿರಾಕರಿಸುವ ಅಧಿಕಾರ ಕೊಡುವಂತಿಲ್ಲ. ಹಾಗಾಗಿ ನಿರಾಕರಣೆಯನ್ನು ಕಾರಣ ಸಮೇತ ಬರಹದಲ್ಲಿ ಕೇಳಿ.

## ಗೇಟಿನ ಬಳಿ

ಗೇಟ್ ಹೊರಗಿನ ಜಾಗಾನೂ ಕಂಪನಿದ ಅಂತ ಎಬ್ಬಸ್ತಾರ. ಖರೇ ಏನು?

ಖರೇ ಇರಬಹುದು. ಎಷ್ಟೋ ಕಾರ್ಖಾನೆಗಳು ಲಾರಿ ತಿರುಗಲೆಂದು ಗೇಟನ್ನು ತಮ್ಮ ಹದ್ದಿನಿಂದ ಹತ್ತಿಪ್ಪತ್ತು ಅಡಿ ಒಳಕ್ಕೆ ಇಟ್ಟಿರುತ್ತವೆ. ಆಗ ಗೇಟಿನ ಹೊರಗಿನ ಆ ಪಟ್ಟಿ ಕಾರ್ಖಾನೆಯದೇ. ಮಾಲೀಕರ ಆವರಣದಲ್ಲಿ ಸಭೆ ನಡೆಸುವ ಮೂಲಭೂತ ಹಕ್ಕಿಲ್ಲ ಎಂದು ರೈಲ್ವೆ ನೌಕರ ನಿರಂಜನ್ ಸಿಂಗ್ ಪ್ರಕರಣದಲ್ಲಿ 1969ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

ಪೆಂಡಾಲ್ ಹಾಕುವ ಮೊದಲು ಆ ಸರ್ವೇ ನಂಬರಿನ ಉತಾರ ಮತ್ತು ಮೋಜಣಿ ನಕ್ಷೆ ತೆಗೆಸಿ. ಕೈಗಾರಿಕಾ ವಸಾಹತಿನೊಳಗಾದರೆ ಕೆಐಎಡಿಬಿಯ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಲೇಔಟ್ ನಕ್ಷೆಯಲ್ಲಿ ರಸ್ತೆಯ ಅಗಲ ಇರುತ್ತದೆ. ರಸ್ತೆಯ ಅಂಚು ಎಲ್ಲಿ ಮುಗಿಯುತ್ತದೆ, ಕಾರ್ಖಾನೆಯ ಹದ್ದು ಎಲ್ಲಿ ಶುರುವಾಗುತ್ತದೆ ಎಂದು ಟೇಪು ಹಿಡಿದು ಗುರುತು ಹಾಕಿ.

ಕೆಲಸಕ್ಕ ಹೋಗೋರನ್ನ, ಲಾರಿಗಳನ್ನ ತಡದ್ರ ಏನಾಗತೈತಿ?

ಧರಣಿ ಕಾನೂನಿನ ಕೈಗೆ ಸಿಗುವುದು ಇಲ್ಲೇ. ಹೋಗುವ ಹಕ್ಕಿರುವವರನ್ನು ಹೋಗದಂತೆ ಅಡ್ಡಗಟ್ಟಿದರೆ ನ್ಯಾಯ ಸಂಹಿತೆಯ 126ನೇ ಕಲಂ: ಒಂದು ತಿಂಗಳವರೆಗೆ ಸಾದಾ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಸಾರ್ವಜನಿಕ ದಾರಿಗೆ ಅಡ್ಡಿಯಾದರೆ 285ನೇ ಕಲಂ, 5,000 ರೂಪಾಯಿವರೆಗೆ ದಂಡ. ಐದು ಅಥವಾ ಹೆಚ್ಚು ಜನ ಸೇರಿ ಬಲಪ್ರಯೋಗದ ಉದ್ದೇಶ ಇಟ್ಟುಕೊಂಡರೆ 189ನೇ ಕಲಮಿನ ಅಕ್ರಮ ಕೂಟ, ಆರು ತಿಂಗಳವರೆಗೆ ಸಜೆ. ಚದುರಲು ಆದೇಶ ಕೊಟ್ಟ ಮೇಲೂ ಉಳಿದರೆ ಅದು ಎರಡು ವರ್ಷಕ್ಕೆ ಏರುತ್ತದೆ. ಇದಲ್ಲದೆ, ಮುಷ್ಕರದಲ್ಲಿಲ್ಲದವರು ಒಳಗೆ ಹೋಗದಂತೆ ಮೈಯಡ್ಡ ಹಾಕಿ ಪಿಕೆಟಿಂಗ್ ಮಾಡುವುದನ್ನು ಕೈಗಾರಿಕಾ ಸಂಬಂಧ ಸಂಹಿತೆಯ ಎರಡನೇ ಅನುಸೂಚಿ ಅನುಚಿತ ಕಾರ್ಮಿಕ ಪದ್ಧತಿ ಎನ್ನುತ್ತದೆ. ಅದಕ್ಕೆ 10,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ.

ಮಾತಿನಿಂದ ಮನವೊಲಿಸಲು, ಕರಪತ್ರ ಕೊಡಲು ಅಡ್ಡಿಯಿಲ್ಲ. ಆದರೆ ಕೈ ಹಿಡಿದು ನಿಲ್ಲಿಸಬೇಡಿ, ಸೈಕಲ್ ಹ್ಯಾಂಡಲ್ ಹಿಡಿಯಬೇಡಿ, ಗಾಡಿಯ ಕೀ ಕಿತ್ತುಕೊಳ್ಳಬೇಡಿ. ‘ನಾಳೆ ನೋಡ್ಕೋತೀವಿ’ ಎಂಬ ಒಂದು ಮಾತು ವಿಡಿಯೊದಲ್ಲಿ ಸಿಕ್ಕರೆ 351ನೇ ಕಲಮಿನ ಕ್ರಿಮಿನಲ್ ಬೆದರಿಕೆಗೆ ಅದೇ ಸಾಕ್ಷಿಯಾಗುತ್ತದೆ.

ಗೇಟಿನ ಬಳಿ ಹೀಗೆ ಮಾಡಿ. ಗೇಟಿನ ಎರಡೂ ಕಂಬಗಳಿಂದ ರಸ್ತೆಯವರೆಗೆ ಸುಣ್ಣದ ಪುಡಿಯಲ್ಲಿ ಎರಡು ಗೆರೆ ಎಳೆಯಿರಿ. ಆ ಗೆರೆಗಳ ನಡುವೆ ಯಾರೂ ಕೂರಬಾರದು, ಚಪ್ಪಲಿ, ನೀರಿನ ಕ್ಯಾನು, ಬ್ಯಾನರಿನ ಬೊಂಬು ಯಾವುದೂ ಬರಬಾರದು. ಎರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್ ತಿರುಗುವಾಗ ಹಿಂದಿನ ಟ್ರೇಲರು ಒಳಮಗ್ಗುಲಿಗೆ ಕತ್ತರಿಸುತ್ತದೆ, ಹಾಗಾಗಿ ತಿರುವಿನ ಒಳಬದಿಯಲ್ಲಿ ಗೆರೆಯನ್ನು ಇನ್ನೂ ನಾಲ್ಕೈದು ಅಡಿ ಸರಿಸಿ. ಪ್ರತಿ ಗೆರೆಗೆ ಒಬ್ಬ ಸ್ವಯಂಸೇವಕ ಇರಲಿ, ತೋಳಿಗೆ ಪಟ್ಟಿ ಕಟ್ಟಿರಲಿ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಪಾಳಿ ಬದಲಾಗುವ ಹೊತ್ತಿನಲ್ಲಿ ಗೆರೆ ಕಾಣುವಂತೆ ಐದು ನಿಮಿಷದ ವಿಡಿಯೊ ತೆಗೆಯಿರಿ. ದಾರಿ ತೆರೆದೇ ಇತ್ತು ಎಂದು ಕೋರ್ಟಿನಲ್ಲಿ ತೋರಿಸಲು ಇದಕ್ಕಿಂತ ಒಳ್ಳೆಯ ದಾಖಲೆ ಸಿಗುವುದು ಕಷ್ಟ. ಪಾಳಿ ಬಿಡುವ ಹೊತ್ತಿಗೆ ಜನ ಎದ್ದು ಗೆರೆ ದಾಟುತ್ತಾರೆ, ತಪ್ಪು ಆಗುವುದು ಆಗಲೇ. ಆ ಕಾಲು ಗಂಟೆ ಎಲ್ಲರೂ ಕೂತೇ ಇರಲಿ.

ಸಾಹೇಬ್ರನ್ನ ಆಫೀಸಿನ್ಯಾಗ ಸುತ್ತಗಟ್ಟಿದ್ರ? ಇಲ್ಲಾ ಅವ್ರ ಮನಿ ಮುಂದ ಕುಂತ್ರ?

ಎರಡೂ ಬೇಡ. ಘೇರಾವ್ ಅಂದರೆ ಕಾನೂನಿನ ಕಣ್ಣಿಗೆ ಅಕ್ರಮ ಬಂಧನ, 127ನೇ ಕಲಂ, ಒಂದು ವರ್ಷದವರೆಗೆ ಸಜೆ. ಕಾರ್ಮಿಕ ಸಂಘಕ್ಕೆ ಇರುವ ಕಾನೂನು ರಕ್ಷಣೆ ಘೇರಾವ್‌ಗೆ ಸಿಗುವುದಿಲ್ಲ ಎಂದು ಕಲ್ಕತ್ತಾ ಹೈಕೋರ್ಟ್ 1968ರ ಜಯ್ ಎಂಜಿನಿಯರಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಾಲೀಕರ, ಅಧಿಕಾರಿಗಳ ಮನೆ ಮುಂದೆ ಪ್ರದರ್ಶನ ಮಾಡುವುದು ಮೇಲೆ ಹೇಳಿದ ಎರಡನೇ ಅನುಸೂಚಿಯಲ್ಲೇ ಹೆಸರಿಸಿದ ತಪ್ಪು. ಮನೆಯಲ್ಲಿ ಮಕ್ಕಳು, ಮುದುಕರು ಇರುತ್ತಾರೆ. ಕಾನೂನು ಇಲ್ಲದಿದ್ದರೂ ಅಲ್ಲಿ ಹೋಗಬಾರದೆಂದೇ ನಾವು ಹೇಳುತ್ತಿದ್ದೆವು.

ಮೈಕ್ ಹಚ್ಚಬೋದಾ?

ಲಿಖಿತ ಅನುಮತಿ ಇದ್ದರೆ ಹಚ್ಚಬಹುದು, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಇಲ್ಲ. 2000ದ ಶಬ್ದ ಮಾಲಿನ್ಯ ನಿಯಮದಂತೆ ಹಗಲು ಕೈಗಾರಿಕಾ ಪ್ರದೇಶಕ್ಕೆ 75, ವಾಣಿಜ್ಯ ಪ್ರದೇಶಕ್ಕೆ 65, ವಸತಿ ಪ್ರದೇಶಕ್ಕೆ 55 ಡೆಸಿಬಲ್ ಮಿತಿ. ಆಸ್ಪತ್ರೆ, ಶಾಲೆ, ಕೋರ್ಟಿನ ಸುತ್ತ 100 ಮೀಟರ್‌ವರೆಗೆ ನಿಶ್ಶಬ್ದ ವಲಯ ಇರಬಹುದು. ಕಾರ್ಖಾನೆಯ ಕಾಂಪೌಂಡಿಗೆ ಅಂಟಿಕೊಂಡು ಶಾಲೆ ಇದ್ದರೆ ಮೈಕಿನ ಹಾರ್ನನ್ನು ಆ ಕಡೆ ತಿರುಗಿಸಬೇಡಿ.

ನಾವು ಕಬ್ಬು ಬೆಳೆಯೋ ರೈತ್ರು, ಕಾರ್ಮಿಕರಲ್ಲ. ನಮಗೂ ನೋಟಿಸು ಬೇಕೇನು?

ಮುಷ್ಕರದ ನೋಟಿಸ್ ನಿಮಗಿಲ್ಲ. ರೈತರು ಕಾರ್ಖಾನೆಯ ನೌಕರರಲ್ಲವಾದ್ದರಿಂದ ಕೈಗಾರಿಕಾ ಸಂಬಂಧ ಸಂಹಿತೆ ನಿಮಗೆ ತಾಗುವುದಿಲ್ಲ. ಆದರೆ ಸಂಘಕ್ಕೆ ಅದು ಕೊಡುವ ರಕ್ಷಣೆಯೂ ನಿಮಗಿಲ್ಲ. ರಸ್ತೆ ತಡೆ, ಅಡ್ಡಗಟ್ಟುವಿಕೆ, ನಿಷೇಧಾಜ್ಞೆ ಇವೆಲ್ಲ ಅಷ್ಟೇ ಬಿಗಿಯಾಗಿ ಅನ್ವಯಿಸುತ್ತವೆ. 2025ರ ನವೆಂಬರ್‌ನಲ್ಲಿ ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ ಕಬ್ಬಿನ ದರಕ್ಕಾಗಿ ಕೂತ ರೈತರ ಹೋರಾಟ ಇಡೀ ರಾಜ್ಯದ ಗಮನ ಸೆಳೆಯಿತು. ಹಾಗೆ ಕೂರುವುದಕ್ಕೂ ಬೇರೊಬ್ಬ ರೈತನ ಕಬ್ಬಿನ ಟ್ರ್ಯಾಕ್ಟರ್ ತಡೆದು ಹಗ್ಗ ಕೊಯ್ಯುವುದಕ್ಕೂ ಕಾನೂನಿನಲ್ಲಿ ದೊಡ್ಡ ಅಂತರವಿದೆ. ಟ್ರ್ಯಾಕ್ಟರಿಗೋ ಕಬ್ಬಿಗೋ ಹಾನಿಯಾದರೆ ನ್ಯಾಯ ಸಂಹಿತೆಯ 324ನೇ ಕಲಂ, ರಾಷ್ಟ್ರೀಯ ಹೆದ್ದಾರಿಗೆ ಹಾನಿ ಮಾಡಿದರೆ ಹೆದ್ದಾರಿ ಕಾಯ್ದೆಯಡಿ ಐದು ವರ್ಷದವರೆಗೆ ಸಜೆ. ರೈಲು ತಡೆದರೆ ರೈಲ್ವೆ ಕಾಯ್ದೆಯ 174ನೇ ಕಲಂ, ಎರಡು ವರ್ಷದವರೆಗೆ.

ಬಾಕಿ ಬಿಲ್ಲಿಗಾಗಿ ಧರಣಿಯಾದರೆ ಬೇಡಿಕೆಯನ್ನು ಕಾನೂನಿನ ಮಾತಿನಲ್ಲೇ ಬರೆಯಿರಿ. ಕಬ್ಬು ಕೊಟ್ಟ 14 ದಿನದೊಳಗೆ ಹಣ ಕೊಡಬೇಕು, ತಪ್ಪಿದರೆ ವರ್ಷಕ್ಕೆ ಶೇ 15ರ ಬಡ್ಡಿ ಸೇರಿಸಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ.

## ಮುಷ್ಕರ, ನೋಟಿಸು, ಪಗಾರ

14 ದಿನದ ನೋಟಿಸು ಬರೇ ನೀರು, ಲೈಟು, ಬಸ್ಸು ಇಂಥಾದಕ್ಕ ಅಲ್ಲೇನ್ರಿ?

ಮೊದಲು ಹಾಗಿತ್ತು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ ಸಾರ್ವಜನಿಕ ಉಪಯುಕ್ತ ಸೇವೆಗಷ್ಟೇ ನೋಟಿಸ್ ಕಡ್ಡಾಯವಿತ್ತು. ಈಗ ಕೈಗಾರಿಕಾ ಸಂಬಂಧ ಸಂಹಿತೆಯ 62ನೇ ಕಲಂ ಪ್ರಕಾರ ಫೌಂಡ್ರಿ, ಸಕ್ಕರೆ, ಗಾರ್ಮೆಂಟ್, ನೇಕಾರಿಕೆ ಮಿಲ್ಲು ಯಾವುದೇ ಇರಲಿ, ನೋಟಿಸ್ ಕೊಡಲೇಬೇಕು. ಕೊಟ್ಟು 14 ದಿನ ಆಗುವ ಮೊದಲು ಮುಷ್ಕರ ಮಾಡುವಂತಿಲ್ಲ, 60 ದಿನ ಕಳೆದರೆ ಆ ನೋಟಿಸ್ ಹಳಸುತ್ತದೆ. ನೋಟಿಸಿನಲ್ಲಿ ತಾರೀಖು ನಮೂದಿಸಿದ್ದರೆ ಅದಕ್ಕಿಂತ ಮೊದಲೂ ಇಲ್ಲ. ನಮೂನೆಯನ್ನು ಕಾರ್ಮಿಕ ಅಧಿಕಾರಿಯ ಕಚೇರಿಯಲ್ಲಿ ಕೇಳಿ ಪಡೆಯಿರಿ, ಹಳೆಯ ಫಾರಂ ತುಂಬಿ ಕೊಡಬೇಡಿ.

ಅಕ್ರಮ ಮುಷ್ಕರಕ್ಕೆ ಹಿಂದೆ ಕಾರ್ಮಿಕನಿಗೆ ಇದ್ದ ದಂಡ 50 ರೂಪಾಯಿ. ಈಗ 1,000ದಿಂದ 10,000 ರೂಪಾಯಿ, ಇಲ್ಲವೇ ಒಂದು ತಿಂಗಳವರೆಗೆ ಸಜೆ, ಅಥವಾ ಎರಡೂ. ಪ್ರಚೋದಿಸಿದವರಿಗೆ 10,000ದಿಂದ 50,000. ಸಂಘದ ಪದಾಧಿಕಾರಿಗಳು ಭಾಷಣದಲ್ಲಿ ‘ಇವತ್ತಿಂದಲೇ ಕೆಲಸ ಬಂದ್’ ಎನ್ನುವ ಮೊದಲು ಕ್ಯಾಲೆಂಡರ್ ನೋಡಬೇಕಾದ ಕಾಲ ಇದು. ಮಾಲೀಕರ ಅಕ್ರಮ ಲಾಕೌಟಿಗೂ ದಂಡ ಇದೆ, 50,000ದಿಂದ 1 ಲಕ್ಷ ರೂಪಾಯಿ.

ನೋಟಿಸ್ ಕೊಟ್ಟು 14 ದಿನ ಆತು. ಆದ್ರೂ ಮುಷ್ಕರ ಅಕ್ರಮ ಅಂತಾರ, ಅದ್ಹೆಂಗ?

ನಡುವೆ ಸಂಧಾನ ಶುರುವಾಗಿರಬೇಕು. ನೋಟಿಸ್ ಸಿಕ್ಕ ಮೇಲೆ ಸಂಧಾನಾಧಿಕಾರಿ ಮೊದಲ ಸಭೆ ನಡೆಸಿದ ದಿನವೇ ಸಂಧಾನ ಆರಂಭವಾದಂತೆ. ಅದು ನಡೆಯುವಷ್ಟು ದಿನ ಮತ್ತು ಮುಗಿದ ಮೇಲೆ 7 ದಿನ ಮುಷ್ಕರ ನಿಷಿದ್ಧ. ನ್ಯಾಯಮಂಡಳಿಯ ಮುಂದೆ ಪ್ರಕರಣವಿದ್ದರೆ ಅದು ಮುಗಿದ ಮೇಲೂ 60 ದಿನ ಕಾಯಬೇಕು. ಒಪ್ಪಂದ ಜಾರಿಯಲ್ಲಿದ್ದರೆ ಅದರಲ್ಲಿ ಸೇರಿದ ವಿಷಯಕ್ಕೆ ಮುಷ್ಕರ ಇಲ್ಲವೇ ಇಲ್ಲ.

ಲೆಕ್ಕ ಹೀಗೆ: ನೋಟಿಸ್ ಮಾರ್ಚ್ 1ಕ್ಕೆ ಕೊಟ್ಟಿರಿ, ಅಧಿಕಾರಿ ಮಾರ್ಚ್ 10ಕ್ಕೆ ಮೊದಲ ಸಭೆ ಕರೆದರು. ಮುಷ್ಕರದ ನೋಟಿಸ್ ಇದ್ದಾಗ ಅವರು 14 ದಿನದೊಳಗೆ ವರದಿ ಕಳುಹಿಸಬೇಕು, ಅಂದರೆ ಮಾರ್ಚ್ 24ರ ಸುಮಾರಿಗೆ. ಅದರ ಮೇಲೆ 7 ದಿನ. ಏಪ್ರಿಲ್ ಮೊದಲ ವಾರಕ್ಕಿಂತ ಮೊದಲು ಕೆಲಸ ನಿಲ್ಲಿಸಿದರೆ ಅಕ್ರಮ. ಅಷ್ಟರೊಳಗೆ ಪ್ರಕರಣ ನ್ಯಾಯಮಂಡಳಿಗೆ ಹೋದರೆ ಮತ್ತೆ ಬಾಗಿಲು ಮುಚ್ಚುತ್ತದೆ. ಇದು ಕಾರ್ಮಿಕರ ಕೈ ಕಟ್ಟುವ ವ್ಯವಸ್ಥೆ ಎಂಬ ಸಂಘಗಳ ದೂರಿನಲ್ಲಿ ಹುರುಳಿದೆ. ಆದರೆ ಈ ಇಡೀ ಅವಧಿಯಲ್ಲಿ ಕೆಲಸ ಬಿಡದೆ ಮಾಡುವ ಗೇಟ್ ಸಭೆ, ಪಾಳಿ ನಂತರದ ಧರಣಿಗೆ ಈ ಕಲಂ ಅಡ್ಡಬರುವುದಿಲ್ಲ. ಸಂಧಾನ ನಡೆಯುವಾಗ ಮಾಲೀಕರು ಆ ವಿವಾದಕ್ಕೆ ಸಂಬಂಧಿಸಿದ ಸೇವಾ ಷರತ್ತು ಬದಲಿಸುವಂತಿಲ್ಲ ಎಂಬ 90ನೇ ಕಲಮನ್ನೂ ನೆನಪಿಡಿ.

ಎಲ್ಲಾರೂ ಕೂಡಿ ಒಂದ ದಿನ ಸೂಟಿ ಹಾಕಿದ್ರ ಮುಷ್ಕರ ಅಲ್ಲಲ್ರೀ?

ಅರ್ಧ ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರು ಮಾತಾಡಿಕೊಂಡು ಒಂದೇ ದಿನ ಸಾಂದರ್ಭಿಕ ರಜೆ ಹಾಕಿದರೆ ಹೊಸ ಸಂಹಿತೆಯಲ್ಲಿ ಅದೂ ಮುಷ್ಕರವೇ. ಕಪ್ಪು ಪಟ್ಟಿ ಕಟ್ಟಿ ಕೆಲಸ ಮಾಡುವುದು ಮುಷ್ಕರವಲ್ಲ. ಪಟ್ಟಿಯ ತುದಿ ಸಡಿಲವಾಗಿ ತೂಗಬಾರದು, ಲೇತ್ ಮುಂದೆ ನಿಲ್ಲುವವರು ತೋಳಿಗೆ ಬೇಡ, ಎದೆಗೆ ಅಂಟಿಸಿಕೊಳ್ಳಲಿ.

ಭಟ್ಟಿ ಉರಿಯೋವಾಗ ಹಂಗ ಬಿಟ್ಟು ಹೊರಗ ಬಂದ್ರ?

ಬರಬೇಡಿ. ಇಂಡಕ್ಷನ್ ಭಟ್ಟಿಯಲ್ಲಿ ಕರಗಿದ ಕಬ್ಬಿಣ ಸುರಿಯದೆ ಉಳಿದರೆ ಒಳಗೇ ಹೆಪ್ಪುಗಟ್ಟಿ ಲೈನಿಂಗ್ ಒಡೆಯುತ್ತದೆ. ಕರೆಂಟು ತೆಗೆದ ಮೇಲೂ ಭಟ್ಟಿ ಆರುವವರೆಗೆ ಕಾಯಿಲ್‌ಗೆ ತಂಪು ನೀರು ಹರಿಯುತ್ತಿರಬೇಕು. ನೀರು ನಿಂತು, ಬಿಸಿ ಲೋಹ ಕಾಯಿಲ್ ತಲುಪಿದರೆ ಸ್ಫೋಟವಾಗಬಹುದು, ಜೀವ ಹೋಗಬಹುದು. ಸಕ್ಕರೆ ಕಾರ್ಖಾನೆಯಲ್ಲಿ ಬಾಯ್ಲರ್ ಹಾಗೆಯೇ. ಆಸ್ತಿಗೆ ಬೇಕೆಂದೇ ಹಾನಿ ಮಾಡುವುದು ಅನುಚಿತ ಕಾರ್ಮಿಕ ಪದ್ಧತಿ, 324ನೇ ಕಲಮಿನ ಅಪರಾಧವೂ ಆಗಬಹುದು. ಕೊನೆಯ ಹೀಟ್ (ಒಂದು ಸಲಕ್ಕೆ ಕರಗಿಸಿದ ಲೋಹ) ಸುರಿದು, ಭಟ್ಟಿ ಖಾಲಿಯಾಗುವ ಹೊತ್ತಿಗೆ ಮುಷ್ಕರದ ಗಂಟೆ ಹೊಂದಿಸಿ. ನೀರಿನ ಪಂಪು, ಬಾಯ್ಲರ್, ಅಗ್ನಿಶಾಮಕಕ್ಕೆ ಯಾರು ಉಳಿಯುತ್ತಾರೆ ಎಂದು ನೋಟಿಸಿನಲ್ಲೇ ಹೆಸರು ಸಮೇತ ಬರೆಯಿರಿ.

ಒಂದ ದಿನ ಮುಷ್ಕರಕ್ಕ ಎಂಟ ದಿನದ ಪಗಾರ ಕಟ್ ಮಾಡ್ತಾರಂತ, ಖರೇನು?

ಮಾಡಬಹುದಾದ ಸಂದರ್ಭ ಇದೆ. ಹತ್ತು ಅಥವಾ ಹೆಚ್ಚು ಜನ ಮಾತಾಡಿಕೊಂಡು, ಸೂಕ್ತ ನೋಟಿಸೂ ಇಲ್ಲದೆ ಸಕಾರಣವೂ ಇಲ್ಲದೆ ಗೈರಾದರೆ, ಮತ್ತು ನೇಮಕಾತಿಯ ಷರತ್ತಿನಲ್ಲಿ ಹಾಗೆಂದಿದ್ದರೆ, 8 ದಿನದವರೆಗಿನ ವೇತನ ಮುರಿಯಲು ವೇತನ ಸಂಹಿತೆಯ 20ನೇ ಕಲಂ ಅವಕಾಶ ಕೊಡುತ್ತದೆ. ಸಾಮಾನ್ಯವಾಗಿ ಕೆಲಸ ಮಾಡದ ದಿನದ ಪಗಾರ ಹೋಗುತ್ತದೆ. ಮುಷ್ಕರ ಕಾನೂನುಬದ್ಧವೂ ನ್ಯಾಯಯುತವೂ ಆಗಿದ್ದರೆ ಮಾತ್ರ ಆ ದಿನಗಳ ವೇತನ ಕೇಳಬಹುದು ಎಂದು 1994ರ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಕಾರ್ಮಿಕ ಇಲಾಖೆಯವ್ರು ‘ಇದು ನಮಗ ಬರೂದಿಲ್ಲ’ ಅಂತ ಅರ್ಜಿ ವಾಪಸ್ ಕೊಟ್ರು. ಮತ್ತ ಯಾರ ಕಡೆ ಹೋಗೂದು?

ಗಣಿ, ರೈಲ್ವೆ, ಬ್ಯಾಂಕು, ಕೇಂದ್ರ ಸರ್ಕಾರದ ಉದ್ಯಮಗಳು ರಾಜ್ಯದ ಕಾರ್ಮಿಕ ಇಲಾಖೆಗೆ ಬರುವುದಿಲ್ಲ, ಕೇಂದ್ರದ ಮುಖ್ಯ ಕಾರ್ಮಿಕ ಆಯುಕ್ತರ ಸಂಘಟನೆಗೆ ಬರುತ್ತವೆ. ಕೂಡಗಿಯ ಎನ್‌ಟಿಪಿಸಿ, ಸುಣ್ಣದಕಲ್ಲು ಗಣಿಗಳ ಕಾರ್ಮಿಕರು ಇದನ್ನು ಮೊದಲೇ ನೋಡಿಕೊಳ್ಳಿ. ಬೇರೆ ಕಚೇರಿಗೆ ಕೊಟ್ಟ ನೋಟಿಸ್ ನೋಟಿಸೇ ಅಲ್ಲ ಎಂಬ ವಾದ ಖಂಡಿತ ಬರುತ್ತದೆ. ಬೆಳಗಾವಿಯಿಂದ ದಿನಾ ಶಿನೋಳಿಗೆ ಹೋಗುವವರಿಗೂ ಒಂದು ಮಾತು: ಆ ಕಾರ್ಖಾನೆಗಳು ಮಹಾರಾಷ್ಟ್ರದ ಚಂದಗಡ ತಾಲ್ಲೂಕಿನವು. ಅಲ್ಲಿ ಬೆಳಗಾವಿ ಅಧಿಕಾರಿಗಳ ಪರವಾನಗಿಯೂ ನಡೆಯದು, ನಿಷೇಧಾಜ್ಞೆಯೂ ತಾಗದು. ಎಲ್ಲವೂ ಕೊಲ್ಹಾಪುರ ಜಿಲ್ಲೆಯದು.

## ನಿಷೇಧಾಜ್ಞೆ ಮತ್ತು ಪೊಲೀಸರು

163 ಹಾಕ್ಯಾರಂತ. ಅಂದ್ರ ಏನು, ಎಷ್ಟ ದಿನ ಇರತೈತಿ?

ಮೊದಲು 144 ಎನ್ನುತ್ತಿದ್ದದ್ದೇ ಈಗ ನಾಗರಿಕ ಸುರಕ್ಷಾ ಸಂಹಿತೆಯ (ಹಳೆಯ ಸಿಆರ್‌ಪಿಸಿ ಬದಲಿಗೆ ಬಂದದ್ದು) 163ನೇ ಕಲಂ. ಬರಹದಲ್ಲೇ ಇರಬೇಕು, ತುರ್ತಿನ ಕಾರಣಗಳನ್ನು ಹೇಳಿರಬೇಕು. ಗರಿಷ್ಠ ಎರಡು ತಿಂಗಳು, ರಾಜ್ಯ ಸರ್ಕಾರ ಬೇಕೆಂದರೆ ಇನ್ನೂ ಆರು ತಿಂಗಳವರೆಗೆ ವಿಸ್ತರಿಸಬಹುದು. ಜನ ಮಾತಾಡುವುದನ್ನೇ ಹತ್ತಿಕ್ಕಲು ಇದನ್ನು ಬಳಸುವಂತಿಲ್ಲ, ಆದೇಶವನ್ನು ಪ್ರಕಟಿಸಬೇಕು ಎಂದು 2020ರ ಅನುರಾಧಾ ಭಾಸಿನ್ ತೀರ್ಪು ಹೇಳಿದೆ. ಅದೇ ವರ್ಷದ ಶಾಹೀನ್ ಬಾಗ್ ತೀರ್ಪು ಸಾರ್ವಜನಿಕ ದಾರಿಯನ್ನು ಅನಿರ್ದಿಷ್ಟ ಕಾಲ ಆಕ್ರಮಿಸುವಂತಿಲ್ಲ ಎಂದಿತು. ಎರಡನ್ನೂ ಒಟ್ಟಿಗೆ ಓದಬೇಕು.

ಆದೇಶ ಕೈಗೆ ಬಂದರೆ ಯಾವ ತಾರೀಖಿನಿಂದ ಎಲ್ಲಿಯವರೆಗೆ, ಹಗಲಿಗಷ್ಟೋ ಪೂರ್ಣ ದಿನಕ್ಕೋ, ಗಡಿ ಯಾವ ರಸ್ತೆಯಿಂದ ಯಾವ ರಸ್ತೆ, ಎಷ್ಟು ಜನ ಸೇರಬಾರದು, ಯಾರಿಗೆ ವಿನಾಯಿತಿ, ಇಷ್ಟನ್ನು ಹುಡುಕಿ ಓದಿ. ಎಷ್ಟೋ ಸಲ ಪಕ್ಕದ ಕಾಲೇಜಿನ ಪರೀಕ್ಷೆಗೆಂದು 200 ಮೀಟರಿಗೆ ಹಾಕಿದ ಆದೇಶವನ್ನೇ ತೋರಿಸಿ ಧರಣಿ ಎಬ್ಬಿಸಿರುತ್ತಾರೆ. ಪರೀಕ್ಷೆ ಮುಗಿದ ಗಂಟೆಗೆ ಅದು ಮುಗಿದಿರುತ್ತದೆ. ಆದೇಶ ರದ್ದು ಮಾಡಿ ಅಥವಾ ಬದಲಿಸಿ ಎಂದು ಅದೇ ದಂಡಾಧಿಕಾರಿಗೆ ಅರ್ಜಿ ಕೊಡಬಹುದು. ಅವರು ನಿಮ್ಮ ಮಾತು ಕೇಳಬೇಕು, ತಿರಸ್ಕರಿಸಿದರೆ ಕಾರಣ ಬರೆಯಬೇಕು. ಮುರಿದರೆ ನ್ಯಾಯ ಸಂಹಿತೆಯ 223ನೇ ಕಲಂ. ಅದರಡಿ ಕೋರ್ಟ್ ವಿಚಾರಣೆಗೆ ತೆಗೆದುಕೊಳ್ಳಬೇಕಾದರೆ ಸಂಬಂಧಪಟ್ಟ ಅಧಿಕಾರಿಯ ಲಿಖಿತ ದೂರು ಬೇಕು. ಬರೀ ಪೊಲೀಸ್ ವರದಿಯ ಮೇಲೆ ನಡೆದ ಪ್ರಕರಣವಾದರೆ ವಕೀಲರಿಗೆ ಇದನ್ನು ಮೊದಲು ತೋರಿಸಿ.

ಪೊಲೀಸರು ವ್ಯಾನಿನ್ಯಾಗ ತುಂಬ್ಕೊಂಡು ಹೋದ್ರ ಏನ್ ಮಾಡೂದು?

ಎಳೆದಾಡಬೇಡಿ, ಕೈ ಮಾಡಬೇಡಿ. ಸಣ್ಣ ಕೇಸು ದೊಡ್ಡದಾಗುವುದು ಕರ್ತವ್ಯದಲ್ಲಿದ್ದವರ ಮೇಲೆ ಹಲ್ಲೆ ಎಂಬ ನ್ಯಾಯ ಸಂಹಿತೆಯ 132ನೇ ಕಲಂ ಸೇರಿದಾಗ. ಮುನ್ನೆಚ್ಚರಿಕೆಯ ಬಂಧನ ನಾಗರಿಕ ಸುರಕ್ಷಾ ಸಂಹಿತೆಯ 170ನೇ ಕಲಮಿನಡಿ, 24 ಗಂಟೆ ಮೀರುವಂತಿಲ್ಲ. ಬಂಧನದ ಕಾರಣ ಹೇಳಬೇಕು, ನೀವು ಹೇಳಿದ ಒಬ್ಬರಿಗೆ ತಿಳಿಸಬೇಕು. ಸೂರ್ಯ ಮುಳುಗಿದ ಮೇಲೆ, ಹುಟ್ಟುವ ಮೊದಲು ಹೆಣ್ಣುಮಕ್ಕಳ ಬಂಧನ ವಿಶೇಷ ಸಂದರ್ಭಕ್ಕಷ್ಟೇ, ಅದೂ ಮಹಿಳಾ ಅಧಿಕಾರಿಯೇ ಮ್ಯಾಜಿಸ್ಟ್ರೇಟರ ಅನುಮತಿ ಪಡೆದು ಮಾಡಬೇಕು. ಧರಣಿಗೆ ಬಂದವರ ಹೆಸರು, ವಯಸ್ಸು, ಔಷಧಿ, ಮನೆಯವರ ನಂಬರಿನ ಪಟ್ಟಿ ಗೇಟಿನ ಬಳಿ ಇರದ ಒಬ್ಬರ ಕೈಯಲ್ಲಿರಲಿ. ಪಟ್ಟಿ ಹಿಡಿದವರೇ ವ್ಯಾನ್ ಹತ್ತಿದರೆ ಯಾರು ಯಾವ ಠಾಣೆಯಲ್ಲಿದ್ದಾರೆಂದು ಸಂಜೆಯಾದರೂ ಗೊತ್ತಾಗುವುದಿಲ್ಲ.

ಆಮರಣ ಉಪವಾಸ ಕುಂದ್ರಬೋದಾ?

ಸರ್ಕಾರಿ ಅಧಿಕಾರಿಯನ್ನು ಒತ್ತಾಯಿಸಲು ಆತ್ಮಹತ್ಯೆಗೆ ಯತ್ನಿಸುವುದನ್ನು ನ್ಯಾಯ ಸಂಹಿತೆಯ 226ನೇ ಕಲಂ ಅಪರಾಧ ಎನ್ನುತ್ತದೆ, ಆಮರಣ ಉಪವಾಸದ ಮೇಲೆ ಅದನ್ನು ಹೊರಿಸಲು ಯತ್ನಿಸಬಹುದು. ಬ್ಯಾನರಿನಲ್ಲಿ ‘ಆಮರಣ’ ಎಂದು ಬರೆಯದೆ ಸರದಿ ಉಪವಾಸ ಮಾಡಿ. ದಿನಕ್ಕೆ ಎರಡು ಸಲ ಬಿಪಿ, ಶುಗರ್ ನೋಡಿಸಿ. ಸಕ್ಕರೆ ಕಾಯಿಲೆಯವರನ್ನು ಕೂರಿಸಲೇಬೇಡಿ.

## ಕೋರ್ಟಿನ ತಡೆಯಾಜ್ಞೆ

ಕಂಪನಿಯವ್ರು ಕೋರ್ಟಿಂದ ಸ್ಟೇ ತಂದಾರ, ನಮ್ಮನ್ನ ಒಂದ ಮಾತೂ ಕೇಳಿಲ್ಲ. ಹಿಂಗ ಕೊಡಬೋದೇನು?

ತುರ್ತು ಎನಿಸಿದರೆ ಕೊಡಬಹುದು, ಆದರೆ ಯಾಕೆ ತುರ್ತು ಎಂದು ನ್ಯಾಯಾಧೀಶರು ಬರೆಯಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 39, ನಿಯಮ 3ರಂತೆ ಕಂಪನಿಯವರು ಅರ್ಜಿ, ದಾವೆ, ದಾಖಲೆಗಳ ಪ್ರತಿಯನ್ನು ಕೂಡಲೇ ನಿಮಗೆ ಕಳುಹಿಸಿ, ಅದೇ ದಿನ ಅಥವಾ ಮರುದಿನ ಹಾಗೆ ಕಳುಹಿಸಿದ್ದೇವೆಂದು ಪ್ರಮಾಣಪತ್ರ ಹಾಕಬೇಕು. ಹಾಕದಿದ್ದರೆ ಅದೇ ನಿಮ್ಮ ಮೊದಲ ತಕರಾರು. 30 ದಿನದೊಳಗೆ ಅರ್ಜಿ ಇತ್ಯರ್ಥಕ್ಕೆ ಕೋರ್ಟ್ ಯತ್ನಿಸಬೇಕು. ಸುಳ್ಳು ಹೇಳಿ ಆದೇಶ ಪಡೆದಿದ್ದರೆ ನಿಯಮ 4ರಡಿ ರದ್ದತಿ ಕೇಳಬಹುದು, ಸುಣ್ಣದ ಗೆರೆಯ ವಿಡಿಯೊ ಕೆಲಸಕ್ಕೆ ಬರುವುದು ಆಗಲೇ. ಅಲ್ಲಿಯವರೆಗೆ ಆದೇಶ ತಪ್ಪೆನಿಸಿದರೂ ಪಾಲಿಸಿ. ಮುರಿದರೆ ಆಸ್ತಿ ಜಪ್ತಿ, ಮೂರು ತಿಂಗಳವರೆಗೆ ಸಿವಿಲ್ ಜೈಲು.

ಮೊದಲೇ ತಡೆಯುವ ದಾರಿ ಕೇವಿಯಟ್, ಅಂದರೆ ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂದು ಕೋರ್ಟಿಗೆ ಮುಂಚೆಯೇ ಹಾಕುವ ಅರ್ಜಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 148ಎ ಕಲಂ. ಧರಣಿ ತೀರ್ಮಾನವಾದ ದಿನವೇ, ಕಾರ್ಖಾನೆ ಯಾವ ಕೋರ್ಟಿನ ವ್ಯಾಪ್ತಿಗೆ ಬರುತ್ತದೋ ಅಲ್ಲಿ, ಗೋಕಾಕ, ಮುಧೋಳ, ಇಂಡಿ ಎಲ್ಲೇ ಇರಲಿ, ಕಿರಿಯ ಮತ್ತು ಹಿರಿಯ ಸಿವಿಲ್ ನ್ಯಾಯಾಧೀಶರ ಎರಡೂ ಕೋರ್ಟುಗಳಲ್ಲಿ ಹಾಕಿ. ಪ್ರತಿಯನ್ನು ಕಂಪನಿಗೆ ಸ್ವೀಕೃತಿ ಸಹಿತ, ನೋಂದಣಿ ಮಾಡಿಸಿದ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ. 90 ದಿನ ಜೀವ ಇರುತ್ತದೆ, 91ನೇ ದಿನ ಇರುವುದಿಲ್ಲ. ಹೋರಾಟ ಉದ್ದವಾದಾಗ ಹೊಸದು ಹಾಕಲು ಮರೆಯುವುದೇ ಹೆಚ್ಚು.

ಆದೇಶದಾಗ 200 ಮೀಟರ್ ಅಂತೈತಿ. ಎಲ್ಲಿಂದ ಅಳೀಬೇಕು?

ಆದೇಶದ ಶಬ್ದ ನೋಡಿ. ‘ಮುಖ್ಯದ್ವಾರದಿಂದ’ ಎಂದಿದ್ದರೆ ಆ ಒಂದು ಗೇಟಿನಿಂದ. ‘ಆವರಣದಿಂದ’ ಎಂದಿದ್ದರೆ ಕಾಂಪೌಂಡ್ ಗೋಡೆಯ ಪ್ರತಿ ಮೂಲೆಯಿಂದ, ಆಗ ಹಿಂದಿನ ಬದಿಯ ಚಹದ ಅಂಗಡಿಯೂ ಒಳಗೆ ಬರಬಹುದು. ದಾರಿಯ ಮೇಲೆ ನಡೆದಳೆದ 200 ಮೀಟರ್, ನೇರ ಗೆರೆಯಲ್ಲಿ ಕಡಿಮೆ ಇರುತ್ತದೆ. ಆದೇಶ ಸ್ಪಷ್ಟವಿಲ್ಲದಿದ್ದರೆ ಮೊಬೈಲ್ ನಕ್ಷೆಯಲ್ಲಿ ನೇರ ಗೆರೆ ಎಳೆದು ಅಳೆಯಿರಿ, ಹತ್ತು ಮೀಟರ್ ಹೆಚ್ಚೇ ಬಿಡಿ, ಸ್ಕ್ರೀನ್‌ಶಾಟ್ ತೆಗೆದಿಡಿ. ಗೊಂದಲವಿದ್ದರೆ ಆದೇಶ ಕೊಟ್ಟ ಕೋರ್ಟಿನಲ್ಲೇ ಸ್ಪಷ್ಟನೆ ಕೇಳಿ.

ಹೈಕೋರ್ಟಿಗೆ ಹೋಗಬೇಕಂದ್ರ ಧಾರವಾಡಕ್ಕೋ, ಕಲಬುರಗಿಗೋ? ವಕೀಲರ ಫೀ ನಮ್ಮ ಕೈಲಿ ಆಗೂದಿಲ್ಲ.

ಬೆಳಗಾವಿ, ಬಾಗಲಕೋಟೆ ಜಿಲ್ಲೆಯವರಿಗೆ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಪರವಾನಗಿ ನಿರಾಕರಣೆ ಅಥವಾ 163ರ ಆದೇಶದ ವಿರುದ್ಧ ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ ಹಾಕಬಹುದು. ಠಾಣೆಯ ಸೀಲಿರುವ ಅರ್ಜಿಯ ಪ್ರತಿ, ನಿರಾಕರಣೆಯ ಪತ್ರ, ಆದೇಶದ ಪ್ರತಿ ಮೂರೂ ಜೊತೆಗಿರಲಿ.

ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಕೈಗಾರಿಕಾ ಕಾರ್ಮಿಕರು, ಹೆಣ್ಣುಮಕ್ಕಳು, ಪರಿಶಿಷ್ಟ ಜಾತಿ-ಪಂಗಡದವರಿಗೆ ಆದಾಯ ಎಷ್ಟೇ ಇರಲಿ ಉಚಿತ ವಕೀಲರ ನೆರವು ಸಿಗುತ್ತದೆ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಪ್ರಾಧಿಕಾರದ ಕಚೇರಿ ಇರುತ್ತದೆ, ತಾಲ್ಲೂಕು ಕೋರ್ಟಿನಲ್ಲಿ ತಾಲ್ಲೂಕು ಸಮಿತಿ. ಫೋನ್ 15100. ಹೋಗುವಾಗ ಕಾರ್ಖಾನೆಯ ಗುರುತಿನ ಚೀಟಿ ಅಥವಾ ಪಗಾರದ ಚೀಟಿ ಒಯ್ಯಿರಿ. ಗುತ್ತಿಗೆದಾರ ಯಾವುದನ್ನೂ ಕೊಟ್ಟಿಲ್ಲವೆಂದರೆ ಪಿಎಫ್ ನಂಬರ್ ಅಥವಾ ಇಎಸ್‌ಐ ಕಾರ್ಡಿನ ಪ್ರತಿ ತೋರಿಸಿ.